ಅಂಗಿ ಕಳಚಿದ ಮೇಲೂ ಫಾದರ್

ಆಂಧ್ರದ ಮಡಕಶಿರದಿಂದ ಅಗಳಿ, ರೊಳ್ಳ, ಅಮರಾಪುರಂ ಕಡೆ ಹೋದರೆ ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಅಮರಾಪುರಂ ಹತ್ತಿರದ ಹೇಮಾವತಿಯಲ್ಲಿ ನೊಳಂಬರ ಕಾಲದ ಗುಡಿಗಳು ಇಂದಿಗೂ ನಿಂತಿವೆ. ಇಂಥ ಹಳೆಯ ಸೀಮೆಯಲ್ಲಿ ಎರಡೂ ಭಾಷೆಯವರು ಒಂದೇ ರೀತಿ ಆಡುವ ಹೊಸ ಮಾತೊಂದಿದೆ: ಆರ್‌ಡಿಟಿ. ಬಿಡಿಸಿ ಹೇಳಿದರೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಆದರೆ ಬಿಡಿಸಿ ಹೇಳುವ ಉಸಾಬರಿಗೆ ಯಾರೂ ಹೋಗುವುದಿಲ್ಲ. ಆರ್‌ಡಿಟಿ ಮನೆ, ಆರ್‌ಡಿಟಿ ಸ್ಕೂಲು, ಆರ್‌ಡಿಟಿ ಆಸ್ಪತ್ರೆ, ಅಷ್ಟೇ. ಇದನ್ನೆಲ್ಲ ಕಟ್ಟಿದವರು ಯಾರೆಂದರೆ ‘ಫಾದರ್’ ಎನ್ನುತ್ತಾರೆ.

ಆ ಫಾದರ್, ಅಂದರೆ ಸ್ಪೇನಿನ ವಿಸೆಂತೆ ಫೆರರ್, ಅನಂತಪುರ ಜಿಲ್ಲೆಯಲ್ಲಿ ಬಾಳಿದ ನಲವತ್ತು ವರ್ಷಗಳಲ್ಲಿ ಮೊದಲ ಒಂದು ವರ್ಷ ಬಿಟ್ಟರೆ ಫಾದರ್ ಆಗಿರಲೇ ಇಲ್ಲ. 1970ರಲ್ಲಿ ಯೇಸುಸಭೆಯನ್ನು, ಅಂದರೆ ಜೆಸ್ಯೂಟ್ ಗುರುಗಳ ಸಂಘವನ್ನು ಬಿಟ್ಟು, ಮದುವೆಯಾಗಿ, ಸಂಸಾರಸ್ಥರಾಗಿದ್ದರು.

ಗುರುಪಟ್ಟ ಬಿಟ್ಟ ಮೇಲೆ ಅವರು ಸೇರಿದ್ದು ಶ್ರೀಸಾಮಾನ್ಯರ ಸಾಲಿಗೆ. ಕನ್ನಡದ ಕಥೋಲಿಕರು ಗುರುದೀಕ್ಷೆ ಪಡೆಯದ ಭಕ್ತಜನರನ್ನು ‘ಶ್ರೀಸಾಮಾನ್ಯರು’ ಎನ್ನುತ್ತಾರೆ. ಚೆಂದದ ಹೆಸರು. ಶತಮಾನಗಳ ಕಾಲ ಅವರಿಗಿದ್ದ ಕೆಲಸ ಮಾತ್ರ ಪ್ರಾರ್ಥಿಸುವುದು, ಕಾಣಿಕೆ ಹಾಕುವುದು, ಗುರುಗಳು ಹೇಳಿದ್ದನ್ನು ಕೇಳುವುದು. ಇದರ ನಡುವೆಯೂ ಶ್ರೀಸಾಮಾನ್ಯರ ಕೂಟಗಳು ಹುಟ್ಟಿಕೊಂಡವು. 1563ರಲ್ಲಿ ರೋಮಿನ ಯೇಸುಸಭೆಯ ಕಾಲೇಜಿನಲ್ಲಿ ಜಾನ್ ಲ್ಯೂನಿಸ್ ಎಂಬವರು ವಿದ್ಯಾರ್ಥಿಗಳನ್ನು ಸೇರಿಸಿ ಮರಿಯಮ್ಮನವರ ಹೆಸರಿನಲ್ಲಿ ‘ಸೊಡಾಲಿಟಿ’ ಎಂಬ ಭಕ್ತಕೂಟ ಕಟ್ಟಿದರು. ಪ್ಯಾರಿಸ್ಸಿನಲ್ಲಿ 1833ರಲ್ಲಿ ಇಪ್ಪತ್ತು ವರ್ಷದ ಫ್ರೆಡೆರಿಕ್ ಓಜಾನಾಮ್ ಗೆಳೆಯರೊಂದಿಗೆ ಬಡವರ ಮನೆಬಾಗಿಲಿಗೆ ಹೋಗುವ ಸಂತ ವಿನ್ಸೆಂಟ್ ಡಿ ಪಾಲ್ ಸಂಘವನ್ನು ಆರಂಭಿಸಿದ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶ್ರೀಸಾಮಾನ್ಯರ ಸೇವಾಕಾರ್ಯದ ಬಗ್ಗೆಯೇ ಒಂದು ಪ್ರತ್ಯೇಕ ದಸ್ತಾವೇಜು ಹೊರಡಿಸಿತು. ಅದರ ಗಾಳಿಯಲ್ಲಿ ಲ್ಯೂನಿಸರ ಹಳೆಯ ಸೊಡಾಲಿಟಿ 1967ರಲ್ಲಿ ‘ಕ್ರಿಶ್ಚಿಯನ್ ಲೈಫ್ ಕಮ್ಯುನಿಟಿ’ ಎಂಬ ಹೊಸ ಹೆಸರು ಪಡೆಯಿತು.

ಆರ್‌ಡಿಟಿ ಈ ಪಟ್ಟಿಗೆ ಸೇರುವುದಿಲ್ಲ. ಅದು ಚರ್ಚಿನ ಸಂಸ್ಥೆಯೂ ಅಲ್ಲ, ಭಕ್ತರ ಕೂಟವೂ ಅಲ್ಲ. ಆದರೆ ಅದೇ ಯೇಸುಸಭೆಯ ಗರಡಿಯಲ್ಲಿ ಪಳಗಿದ ಒಬ್ಬರು, ಅದೇ ಕಾಲದಲ್ಲಿ, ಗುರುಪಟ್ಟ ಬಿಟ್ಟು ಶ್ರೀಸಾಮಾನ್ಯರಾಗಿ ನಡೆಸಿದ ಕೆಲಸ.

ಫೆರರ್ ಹುಟ್ಟಿದ್ದು 1920ರಲ್ಲಿ, ಬಾರ್ಸಿಲೋನಾದಲ್ಲಿ. ಹದಿಹರೆಯದಲ್ಲೇ ಸ್ಪೇನಿನ ಅಂತರ್ಯುದ್ಧಕ್ಕೆ ಸಿಕ್ಕಿಕೊಂಡು, ಗಣರಾಜ್ಯದ ಸೈನ್ಯದಲ್ಲಿದ್ದು, ಎಬ್ರೊ ನದಿಯ ಕದನ ನೋಡಿ, ಸೋತು, ಫ್ರಾನ್ಸಿನ ಬಂದಿ ಶಿಬಿರದಲ್ಲಿ ಕೂತು ಬಂದವರು. ಕಾನೂನು ಓದು ಬಿಟ್ಟು 1944ರಲ್ಲಿ ಯೇಸುಸಭೆ ಸೇರಿದರು. 1952ರಲ್ಲಿ ಮುಂಬಯಿಗೆ ಬಂದರು.

ಅವರ ಹೆಸರು ಹಬ್ಬಿದ್ದು ನಾಸಿಕ್ ಜಿಲ್ಲೆಯ ಮನಮಾಡದಲ್ಲಿ, ಬಾವಿಯಿಂದ. ನೀರಿಲ್ಲದ ಹೊಲದ ರೈತನಿಗೆ ಅವರು ಹೇಳುತ್ತಿದ್ದದ್ದು ಸರಳ: ನೀನು ಬಾವಿ ತೋಡು, ತೋಡುವಷ್ಟು ದಿನ ಮನೆಗೆ ಗೋಧಿ, ಎಣ್ಣೆ ನಾನು ಕೊಡುತ್ತೇನೆ. ಸಾಲವನ್ನೂ ಕೊಡುತ್ತಿದ್ದರು, ಬಡ್ಡಿಯಿಲ್ಲದೆ. ಕರಾರು ಒಂದೇ: ಬೆಳೆ ಬಂದ ಮೇಲೆ ದುಡ್ಡು ಮರಳಬೇಕು, ಏಕೆಂದರೆ ಪಕ್ಕದ ಹೊಲದವನು ಕಾಯುತ್ತಿರುತ್ತಾನೆ. ಧರ್ಮದ ಮಾತು ಇದರಲ್ಲಿ ಎಲ್ಲೂ ಬರುವುದಿಲ್ಲ. ಬಾವಿಯ ಬಳಿಯೂ ಜಾತಿ ಕೇಳುವ ಊರುಗಳಲ್ಲಿ ಬಡವರ ಹೊಲಕ್ಕೇ ಬಾವಿ ಬರುವುದು ಮಾತ್ರ ಸಣ್ಣ ಸಂಗತಿಯಾಗಿರಲಿಲ್ಲ.

ಅದು ಕೆಲವರ ಕಣ್ಣು ಕುಕ್ಕಿತು. 1968ರಲ್ಲಿ ದೇಶ ಬಿಡುವಂತೆ ಫೆರರ್‌ಗೆ ಆದೇಶ ಬಂತು. ಸುಮಾರು 30,000 ರೈತರು ಮನಮಾಡದಿಂದ ಮುಂಬಯಿಗೆ, 250 ಕಿಲೋಮೀಟರಿನಷ್ಟು ದಾರಿ, ನಡೆದು ಹೊರಟರು. ಕೊನೆಗೆ ಇಂದಿರಾ ಗಾಂಧಿ ಮಧ್ಯೆ ಬಂದು, ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕಿದರು: ಫಾದರ್ ಸ್ವಲ್ಪ ದಿನ ರಜೆಯ ಮೇಲೆ ಹೊರಗೆ ಹೋಗುತ್ತಾರೆ, ಮತ್ತೆ ಬಂದರೆ ಸ್ವಾಗತ. ಮರಳಿ ಬಂದದ್ದು 1969ರಲ್ಲಿ; ಈ ಸಲ ಮಹಾರಾಷ್ಟ್ರಕ್ಕಲ್ಲ, ಆಂಧ್ರಪ್ರದೇಶದ ಅನಂತಪುರಕ್ಕೆ.

ಅನಂತಪುರವನ್ನು ಕಂಡವರಿಗೆ ಗೊತ್ತು, ಅಲ್ಲಿ ಮೋಡ ಬರುತ್ತದೆ, ಮಳೆ ಬರುವುದಿಲ್ಲ. ವರ್ಷದ ಸರಾಸರಿ 550 ಮಿಲಿಮೀಟರ್ ಆಸುಪಾಸು. ಕಡಲೆಕಾಯಿ ಬಿತ್ತಿ ಆಕಾಶ ನೋಡುವ ಜಿಲ್ಲೆ.

ಅಲ್ಲಿಗೆ ಅವರೊಂದಿಗೆ ಬಂದವರಲ್ಲಿ ಆ್ಯನ್ ಪೆರಿ ಎಂಬ ಇಂಗ್ಲಿಷ್ ತರುಣಿಯೂ ಇದ್ದರು. ಮುಂಬಯಿಯಲ್ಲಿ ಪತ್ರಕರ್ತೆಯಾಗಿದ್ದ ಅವರು ಗಡೀಪಾರಿನ ಗಲಾಟೆಯ ಹೊತ್ತಿನಲ್ಲಿ ಫಾದರ್ ಸಂದರ್ಶನಕ್ಕೆ ಹೋಗಿದ್ದವರು, ಕೆಲಸಕ್ಕೇ ಸೇರಿಕೊಂಡುಬಿಟ್ಟರು. 1970ರಲ್ಲಿ ಇಬ್ಬರೂ ಮದುವೆಯಾದರು. ಫೆರರ್ ಒಬ್ಬರ ಮೇಲೆಯೇ ದೀಪ ಹಿಡಿದು ಕಥೆ ಹೇಳುವುದು ವಾಡಿಕೆ. ಆರ್‌ಡಿಟಿ ಕಟ್ಟಿದ್ದು ಗಂಡಹೆಂಡಿರಿಬ್ಬರು. ಫೆರರ್ ತೀರಿಕೊಂಡ ಮೇಲೆ ಅದನ್ನು ಮುನ್ನಡೆಸಿದ್ದೂ ಆ್ಯನ್.

ಕೆಲಸ ಬಾವಿಗೆ ನಿಲ್ಲಲಿಲ್ಲ. ದಲಿತ ಕೇರಿಗಳಲ್ಲಿ ಸಂಜೆಶಾಲೆ, ಹೆಂಗಸರ ಸಂಘ, ಅಂಗವಿಕಲರ ಸಂಘ, ಕಿವಿ ಕೇಳದ ಮಕ್ಕಳಿಗೆ ವಸತಿ ಶಾಲೆ. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲಿನಲ್ಲಿ ಆಸ್ಪತ್ರೆಗಳು. ಇವೆಲ್ಲವುಗಳಿಗಿಂತ ಕಣ್ಣಿಗೆ ಹೆಚ್ಚು ಬೀಳುವುದು ಮನೆಗಳು. ಗುಡಿಸಲಿದ್ದಲ್ಲಿ ಗಟ್ಟಿ ಗೋಡೆಯ ಪುಟ್ಟ ಮನೆ, ಮನೆಯ ಕಾಗದ ಹೆಂಡತಿಯ ಹೆಸರಿಗೆ. ಕುಡಿದು ಬಂದ ಗಂಡ ‘ನನ್ನ ಮನೆಯಿಂದ ಆಚೆ ಹೋಗು’ ಎಂದು ಕೂಗಿದರೆ ಆ ಮಾತಿಗೆ ಆಧಾರವೇ ಇಲ್ಲದಂತೆ ಮಾಡಿದ ಜಾಣತನವಿದು.

ದುಡ್ಡು ಬಹುಪಾಲು ಸ್ಪೇನಿನಿಂದ ಬಂದದ್ದು. ಅಲ್ಲಿನ ಕುಟುಂಬವೊಂದು ಇಲ್ಲಿನ ಒಂದು ಮಗುವಿನ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಕಳಿಸುತ್ತಿತ್ತು. ಅದು ಮಗುವಿನ ಕೈಗೆ ಬರದೆ ಊರಿನ ಕೆಲಸಕ್ಕೆ ಸೇರುತ್ತಿತ್ತು. ಈ ಏರ್ಪಾಡು ಬೆಳೆದು 1996ರಲ್ಲಿ ಸ್ಪೇನಿನಲ್ಲಿ ವಿಸೆಂತೆ ಫೆರರ್ ಫೌಂಡೇಶನ್ ಆಯಿತು. 1998ರಲ್ಲಿ ಫೆರರ್‌ಗೆ ಸ್ಪೇನಿನ ಆಸ್ತೂರಿಯಸ್ ರಾಜಕುಮಾರ ಪ್ರಶಸ್ತಿ ಬಂತು. ಜಿಲ್ಲೆಯೊಂದರ ಶಾಲೆ, ಆಸ್ಪತ್ರೆಗಳು ಇಷ್ಟೊಂದು ದೂರದ ಜೇಬನ್ನು ನೆಚ್ಚಿಕೊಳ್ಳುವುದು ಎಷ್ಟು ಸರಿ ಎಂಬ ಪ್ರಶ್ನೆ ಇದ್ದೇ ಇದೆ, ಇರಬೇಕಾದದ್ದೂ ಹೌದು. ಅನಂತಪುರದಲ್ಲಿ ಹಾಗೆ ಕೇಳುವವರು ಮೊದಲು ಆರ್‌ಡಿಟಿ ಆಸ್ಪತ್ರೆಯ ಹೊರರೋಗಿಗಳ ಸಾಲನ್ನು ದಾಟಿ ಬರಬೇಕಾಗುತ್ತದೆ.

ಮಕ್ಕಳು ತಮ್ಮ ಸ್ಪೇನಿನ ಪೋಷಕರಿಗೆ ಪತ್ರ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ. ಅನಂತಪುರದಲ್ಲಿ ಆ ಪತ್ರಗಳನ್ನು ಸ್ಪ್ಯಾನಿಷ್‌ಗೆ ತಿರುಗಿಸುವವರಿದ್ದಾರೆ. ಮಡಕಶಿರದ ಮಗು ಮನೆಯಲ್ಲಿ ಅವ್ವನ ಹತ್ತಿರ ಕನ್ನಡದಲ್ಲಿ ಆಡಿದ ಮಾತು ಭಾಷೆಯಿಂದ ಭಾಷೆಗೆ ದಾಟಿ, ಬಾರ್ಸಿಲೋನಾದ ಯಾವುದೋ ಮನೆಯ ಅಂಚೆಪೆಟ್ಟಿಗೆಗೆ ಬೀಳುತ್ತದೆ.

ಫೆರರ್ 2009ರ ಜೂನ್ 19ರಂದು ಅನಂತಪುರದಲ್ಲೇ ತೀರಿಕೊಂಡರು. ಹಳ್ಳಿಹಳ್ಳಿಯಿಂದ ಜನ ಬಂದರು. ಮಣ್ಣಾದದ್ದು ಬತ್ತಲಪಲ್ಲಿಯಲ್ಲಿ, ತಾವೇ ಕಟ್ಟಿಸಿದ ಆಸ್ಪತ್ರೆಯ ಊರಿನಲ್ಲಿ.