ವಿಕಿರಣ ಸುರಕ್ಷತೆ: ಹುದ್ದೆಗೆ ಒಪ್ಪುವ ಹೆಸರು

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಈ ಭಾಗದವರಿಗೆಲ್ಲ ಚಿರಪರಿಚಿತ. ಅದು ಬೆಳಕಿಗೆ ಬರುವ ಮುನ್ನ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇದ್ದಿತೇ ಹೊರತು ಅಶೋಕನೆಂಬ ಹೆಸರು ಇರಲಿಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಕಂಡುಹಿಡಿದಾಗ ಬಿರುದೂ ಹೆಸರೂ ಒಂದೆಡೆ ದೊರೆತು ಸಂದೇಹ ಪರಿಹಾರವಾಯಿತು. ಬಿರುದು ಎಷ್ಟೇ ಘನವಾದುದಾಗಿರಲಿ, ಅದು ಯಾರನ್ನು ಸೂಚಿಸುವುದೆಂದು ತಿಳಿಯದಿದ್ದರೆ ತೊಡಕು ತಪ್ಪದು. ಈ ಮಾತು ಇಂದಿನ ವಿಕಿರಣ ಸುರಕ್ಷತೆಯ ಹುದ್ದೆಗಳಿಗೂ ಸಲ್ಲುತ್ತದೆ.

ರಂಟ್‌ಜನ್ 1895ರಲ್ಲಿ ಕಂಡ ಅಜ್ಞಾತ ಕಿರಣಕ್ಕೆ ಗಣಿತದ ಅಜ್ಞಾತ ರಾಶಿಯ ಸಂಕೇತವನ್ನೇ ಇಟ್ಟನು. ಕನ್ನಡದಲ್ಲಿ ಅದು ‘ಕ್ಷ-ಕಿರಣ’ವಾಯಿತು. ಇಂದು ಸಿಂಧನೂರು, ಲಿಂಗಸುಗೂರುಗಳ ಆಸ್ಪತ್ರೆಗಳಲ್ಲಿ ಎಕ್ಸ್-ರೇ ತೆಗೆಸದ ಕುಟುಂಬ ವಿರಳ. ಯಂತ್ರ ಬಳಕೆಗೆ ಬಂದಷ್ಟು ಸುಲಭವಾಗಿ ಅದರ ಸುತ್ತಲಿನ ಪದಗಳು ಬಳಕೆಗೆ ಬಂದಿಲ್ಲ.

ಮೊದಲನೆಯದಾಗಿ, ‘ವಿಕಿರಣ’ ಬೇರೆ, ‘ವಿಕಿರಣಶೀಲ’ ಬೇರೆ. ಯುರೇನಿಯಂ, ಕೋಬಾಲ್ಟ್-60 ಇವು ತಾವಾಗಿಯೇ ಕಿರಣ ಸೂಸುವುದರಿಂದ ವಿಕಿರಣಶೀಲ ವಸ್ತುಗಳು. ಎಕ್ಸ್-ರೇ ಯಂತ್ರವಾದರೋ ವಿದ್ಯುತ್ ನಿಂತೊಡನೆ ಕಿರಣವನ್ನೂ ನಿಲ್ಲಿಸುತ್ತದೆ. ಅದರ ಕೋಣೆಯನ್ನು ‘ವಿಕಿರಣಶೀಲ’ವೆಂದರೆ ಜನರಲ್ಲಿ ಇಲ್ಲದ ಭಯ ಹುಟ್ಟುತ್ತದೆ.

ಎರಡನೆಯದಾಗಿ, ‘ರಕ್ಷಣಾ ಅಧಿಕಾರಿ’ ಎಂದರೆ ಸೈನ್ಯ ನೆನಪಾಗುತ್ತದೆ; ‘ಭದ್ರತಾ ಅಧಿಕಾರಿ’ ಎಂದರೆ ಬಾಗಿಲ ಕಾವಲು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಬದುಕನ್ನು ಬಲ್ಲವರಿಗೆ ‘ಸುರಕ್ಷತೆ’ ಹೊಸ ಮಾತಲ್ಲ. ಆದುದರಿಂದ ‘ವಿಕಿರಣ ಸುರಕ್ಷತಾ ಅಧಿಕಾರಿ’ ಎಂಬುದೇ ಉಚಿತ.

ಈ ಅಧಿಕಾರಿಯ ಸ್ಥಾನವನ್ನು 1962ರ ಪರಮಾಣು ಶಕ್ತಿ ಅಧಿನಿಯಮದ ಅಡಿಯಲ್ಲಿ ರಚಿತವಾದ 2004ರ ವಿಕಿರಣ ಸಂರಕ್ಷಣಾ ನಿಯಮಗಳು ವಿವರಿಸುತ್ತವೆ. ಇವರನ್ನು ನೇಮಿಸುವವರು ಸಂಸ್ಥೆಯ ಉದ್ಯೋಗದಾತರು. ಅನುಮೋದಿಸುವುದು ಸಕ್ಷಮ ಪ್ರಾಧಿಕಾರ. ಇವರು ಸಂಸ್ಥೆಯೊಳಗಿದ್ದು ಸಲಹೆ, ನೆರವು ನೀಡುವವರು. ಆದುದರಿಂದ ‘ಪರಿವೀಕ್ಷಕ’ರೆನ್ನುವುದು ಸಲ್ಲದು. ಪರಿವೀಕ್ಷಕರು ಹೊರಗಿನಿಂದ ಬಂದು ತಪಾಸಣೆ ಮಾಡುವವರು. ಚಿತ್ರ ನೋಡಿ ರೋಗ ನಿರ್ಣಯಿಸುವ ವೈದ್ಯರು ‘ಕ್ಷ-ಕಿರಣ ತಜ್ಞರು’. ಚಿಕ್ಕ ಆಸ್ಪತ್ರೆಯಲ್ಲಿ ಒಬ್ಬರೇ ಎರಡೂ ಹೊಣೆ ಹೊರಬಹುದಾದರೂ ಹೊಣೆಗಳು ಎರಡೇ.

‘ವಿಕಿರಣ ಕಾರ್ಮಿಕ’ ಎಂಬ ಪದವೂ ವಿಚಾರಾರ್ಹ. ವೃತ್ತಿಯ ನಿಮಿತ್ತ ವಿಕಿರಣಕ್ಕೆ ಒಳಗಾಗುವ ವೈದ್ಯ, ದಾದಿ, ತಂತ್ರಜ್ಞ ಎಲ್ಲರೂ ಈ ವರ್ಗಕ್ಕೆ ಸೇರುತ್ತಾರೆ. ‘ಕಾರ್ಮಿಕ’ನೆಂದರೆ ವೈದ್ಯರು ಅದು ತಮಗಲ್ಲವೆಂದುಕೊಂಡಾರು. ‘ವಿಕಿರಣ ವೃತ್ತಿನಿರತರು’ ಎಂಬುದು ಎಲ್ಲರನ್ನೂ ಒಳಗೊಳ್ಳುತ್ತದೆ. ಇದು ಬರಿಯ ಪದವಿನೋದವಲ್ಲ. ಭಾರತದಲ್ಲಿ ವೃತ್ತಿನಿರತರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯಿದೆ; ಸಾರ್ವಜನಿಕರಿಗೆ ವರ್ಷಕ್ಕೆ 1 ಮಾತ್ರ. ತಾನು ಯಾವ ವರ್ಗದವನೆಂದು ಅರಿಯದವನು ಎದೆಯ ಮೇಲೆ ಧರಿಸಬೇಕಾದ ಮಾಪಕ ಬಿಲ್ಲೆಯನ್ನು ಮೇಜಿನ ಖಾನೆಯಲ್ಲಿಟ್ಟು ಮರೆತಾನು.

ಕಚೇರಿಗಳ ಹೆಸರಿನಲ್ಲಿಯೂ ಎಚ್ಚರ ಬೇಕು. 1948ರಲ್ಲಿ ಮೊದಲು ಸ್ಥಾಪಿತವಾದ ಪರಮಾಣು ಶಕ್ತಿ ‘ಆಯೋಗ’ ನೀತಿ ನಿರೂಪಿಸುವ ಸಂಸ್ಥೆ. 1983ರ ನವೆಂಬರ್ 15ರಂದು ರಚಿತವಾದ ಪರಮಾಣು ಶಕ್ತಿ ನಿಯಂತ್ರಣ ‘ಮಂಡಳಿ’ ಸುರಕ್ಷತೆಯನ್ನು ನಿಯಂತ್ರಿಸುವ ಸಂಸ್ಥೆ. ಎಕ್ಸ್-ರೇ ಘಟಕದ ಪರವಾನಗಿಗೆ ಸಂಬಂಧಿಸಿದುದು ಮಂಡಳಿ.

ಹೆಸರಿಡುವಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಇವರು ಮಾಡುವ ಕೆಲಸವೇನು? ನೇಮಿಸಿದವರು ಯಾರು? ಬೇರೊಂದು ಹುದ್ದೆಯೊಡನೆ ಗೊಂದಲವಾದೀತೆ? ಗರ್ಭಿಣಿಯೊಬ್ಬಳು ಎಕ್ಸ್-ರೇ ಕೋಣೆಯ ಮುಂದೆ ನಿಂತು ಯಾರನ್ನು ಕೇಳಬೇಕೆಂದು ಗೋಡೆಯ ಫಲಕವನ್ನು ನೋಡಿದಾಗ, ಉತ್ತರ ಅವಳ ನುಡಿಯಲ್ಲಿ ಅಲ್ಲಿಯೇ ಇರಬೇಕು. ಇಂತಹ ಶಾಲೆಗಳಲ್ಲಿ ಕಲಿತು ವೈದ್ಯರೂ ತಂತ್ರಜ್ಞರೂ ಆದವರು, ವಿಜ್ಞಾನ ಬೋಧಿಸುವ ಗುರುಗಳು, ಆಸ್ಪತ್ರೆಗಳಿಗೆ ಉಪಕರಣ ಕೊಡಿಸುವ ದಾನಿಗಳು ಮನಸ್ಸು ಮಾಡಿದರೆ ಈ ಕಾರ್ಯ ಕಠಿಣವೇನಲ್ಲ. ಯಂತ್ರದ ಜೊತೆಗೆ ಒಂದು ಸ್ಪಷ್ಟವಾದ ಫಲಕವನ್ನೂ ನೀಡಿದರೆ ದಾನ ಪೂರ್ಣವಾದೀತು.