ಭಾಲ್ಕಿಗೂ ವಾರ್ಡ್ ಸಮಿತಿ ಬೇಕು

ಚರಂಡಿ ಕಟ್ಟಿಕೊಂಡು ಕಪ್ಪು ನೀರು ಹೊಸ್ತಿಲ ತನಕ ಬಂದಿದೆ. ಯಾರ ಮುಂದೆ ಹೇಳೋಣ? ಇಂಥ ದೂರು ಕೇಳಲು ಮಂಗಳೂರಿನಂಥ ಮಹಾನಗರ ಪಾಲಿಕೆಗಳಿಗೆ ಕಾನೂನಿನಲ್ಲೇ ವಾರ್ಡ್ ಸಮಿತಿ ಇದೆ. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಮಂದಿ ನಾಗರಿಕರು. ಅವರಲ್ಲಿ ಕನಿಷ್ಠ 3 ಮಹಿಳೆಯರು.

ನಮ್ಮ ಭಾಲ್ಕಿ? 2011ರ ಜನಗಣತಿಯಲ್ಲಿ ಸುಮಾರು 40 ಸಾವಿರ ಜನ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಜನಸಂಖ್ಯೆ ಮುಟ್ಟಿದ ಊರಿಗೆ ಮಾತ್ರ. ನಮ್ಮ ಜಿಲ್ಲಾ ಕೇಂದ್ರ ಬೀದರ್ ನಗರವೇ ಆಗ 2.16 ಲಕ್ಷ, ಪಕ್ಕದ ಔರಾದ್ ಪಟ್ಟಣ ಇನ್ನೂ ಚಿಕ್ಕದು.

ಆದರೆ ಅದೇ ತಿದ್ದುಪಡಿ ತಂದ 243ಎಸ್ ವಿಧಿಯ ಕೊನೆಯ ಸಾಲು ನೋಡಿ: ವಾರ್ಡ್ ಸಮಿತಿಯಲ್ಲದೆ ಬೇರೆ ಸಮಿತಿಗಳನ್ನೂ ರಚಿಸಲು ರಾಜ್ಯ ಶಾಸಕಾಂಗಕ್ಕೆ ಅಡ್ಡಿಯಿಲ್ಲ. ಅಂದರೆ ಭಾಲ್ಕಿಯಂಥ ಸಣ್ಣ ಊರಿಗೂ ಇಂಥ ಸಮಿತಿ ಕೊಡಬಹುದು. ಯಾವ ಓಣಿಯಲ್ಲಿ ನೀರು ಬರಲ್ಲ ಅಂತ ಗೊತ್ತಿರೋದು ಕೊಡ ಹಿಡಿದು ನಿಂತ ತಾಯಿಗೆ. ಪುರಸಭೆಯ ಮೇಜಿನ ಮುಂದೆ ಆಕೆಗೂ ಒಂದು ಕುರ್ಚಿ ಹಾಕಿಸಿ.