ಹಳೇ ರೈಲ್ವೆ ಬೀಗ: ಶೋಕಿಗೋ, ಕಾವಲಿಗೋ?

ಕಡೂರು: ಗುಜರಿ ಅಂಗಡಿಯಲ್ಲಿ ಹಳೇ ರೈಲ್ವೆ ಬೀಗ ಕಂಡರೆ ತಿರುಗಿಸಿ ನೋಡಿ. ಎಂ.ಎಸ್.ಎಂ. ಎಂಬ ಅಕ್ಷರಗಳಿದ್ದರೆ ಅದು ಒಂದು ಕಾಲಕ್ಕೆ ನಮ್ಮ ಕಡೆ ರೈಲು ಓಡಿಸಿದ ಮದ್ರಾಸ್ ಮತ್ತು ದಕ್ಷಿಣ ಮರಾಠಾ ಕಂಪನಿಯದು. 1908ರಲ್ಲಿ ಹುಟ್ಟಿದ ಆ ಹೆಸರು 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಕರಗಿತು. ಈಗ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ನೈಋತ್ಯ ರೈಲ್ವೆಯವು. ಶೋಕಿ ಇರೋರು ಅಂಥ ಬೀಗ ಉಜ್ಜಿ ಷೋಕೇಸಿನಲ್ಲಿ ಇಡುತ್ತಾರೆ. ತಪ್ಪೇನಿಲ್ಲ.

ಆದರೆ ರೈಲ್ವೆ ಬೀಗ ಕಳ್ಳನನ್ನು ತಡೆಯೋಕೆ ಮಾತ್ರ ಅಲ್ಲ. ಸಿಗ್ನಲ್ಲಿಗೆ ಜೋಡಿಸಿದ, ಕೈಯಿಂದ ಹಾಕುವ ಗೇಟನ್ನೇ ನೋಡಿ. ಗೇಟು ಹಾಕಿ ಬೀಗ ಬಿದ್ದ ಮೇಲೇ ಕೀ ಈಚೆ ಬರುತ್ತೆ. ಆ ಕೀ ಸಿಕ್ಕರೇ ಸಿಗ್ನಲ್ ಬಿಡೋದು. ಗೇಟು ತೆರೆದಿದ್ದರೆ ಕೀ ಇಲ್ಲ, ಕೀ ಇಲ್ಲದಿದ್ದರೆ ರೈಲಿಗೆ ಸಿಗ್ನಲ್ ಇಲ್ಲ. ಪಾಯಿಂಟ್ ಕೆಟ್ಟಾಗ ಹಳಿ ಅಲುಗದಂತೆ ಕ್ಲಾಂಪ್ ಹಾಕಿ ಬೀಗ ಜಡಿಯೋ ಪದ್ಧತಿ ಈಗಲೂ ಇದೆ. ಗೇಟು ಬಿತ್ತೆಂದು ಬಸ್ಸಿನಲ್ಲಿ ಕೂತು ಗೊಣಗುವವರು ಇದನ್ನು ನೆನೆಯಬೇಕು.

ಅದಕ್ಕೇ ಮಾರುವವರಿಗೂ ಕೊಳ್ಳುವವರಿಗೂ ಒಂದು ಮಾತು: ರೈಲ್ವೆ ಹರಾಜಿನ ರಸೀದಿ ಇಲ್ಲದ ಮಾಲು ಮುಟ್ಟಬೇಡಿ. ಕದ್ದದ್ದೆಂದು ಬಲವಾದ ಅನುಮಾನ ಬಂದರೆ, 1966ರ ರೈಲ್ವೆ ಆಸ್ತಿ ಕಾಯಿದೆಯ ಪ್ರಕಾರ ಅದು ನ್ಯಾಯವಾಗಿ ಬಂತೆಂದು ತೋರಿಸಬೇಕಾದವರು ಇಟ್ಟುಕೊಂಡವರೇ. ಮೊದಲ ಸಲಕ್ಕೇ 5 ವರ್ಷದವರೆಗೂ ಜೈಲಾಗಬಹುದು. ತೂಕಕ್ಕೆ ಕೊಂಡ ಬೀಗಕ್ಕೆ ಇಷ್ಟು ಬೆಲೆಯೇ?

ಹಳೇದು ನೋಡೋ ಆಸೆಯಿದ್ದರೆ 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಹಳಿ ಪಕ್ಕ ಬೀಗವೋ ಕೀಯೋ ಬಿದ್ದಿದ್ದರೆ ಜೇಬಿಗೆ ಹಾಕದೆ ಸ್ಟೇಷನ್ ಮಾಸ್ತರಿಗೆ ತಿಳಿಸಿ. ಅದು ಯಾವ ಗೇಟು ಕಾಯೋ ಕೀಯೋ ಯಾರಿಗೆ ಗೊತ್ತು!